ಮಿಲಾನ್‌ನ ಬೊವೀಸಾ ನಿಲ್ದಾಣ: ಯಾವ ರೈಲು ಹತ್ತಬೇಕು, ಎಲ್ಲಿ ಇಳಿಯಬೇಕು

ಪೊಲಿಟೆಕ್ನಿಕೋ ದಿ ಮಿಲಾನೋದಲ್ಲಿ ಮೆಕ್ಯಾನಿಕಲ್, ಏರೋಸ್ಪೇಸ್, ಎನರ್ಜಿ, ಮ್ಯಾನೇಜ್‌ಮೆಂಟ್ ಅಥವಾ ಡಿಸೈನ್ ಓದಲು ಸೀಟು ಸಿಕ್ಕಿದೆ ಅಂದ್ರೆ ನೀವು ದಿನಾ ಓಡಾಡುವ ರೈಲ್ವೆ ನಿಲ್ದಾಣ ಬೊವೀಸಾ ಆಗುವ ಸಾಧ್ಯತೆ ಜಾಸ್ತಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್‌ಗೆ ಅಂತ ಬರುವವರು ವೀಸಾ, ಬ್ಯಾಂಕ್, ಬಾಡಿಗೆ ಮನೆ ಬಗ್ಗೆ ಸಾಕಷ್ಟು ಓದಿಕೊಂಡು ಬರುತ್ತಾರೆ. ರೈಲಿನ ಬಗ್ಗೆ ಮಾತ್ರ ಅಲ್ಲಿ ಹೋಗಿ ನೋಡಿಕೊಂಡರಾಯ್ತು ಅಂತ ಬಿಟ್ಟಿರುತ್ತಾರೆ. ಬೊವೀಸಾದಲ್ಲಿ ಹಾಗೆ ಬಿಟ್ಟರೆ ಕಷ್ಟ. ಅದು ಸುಮ್ನೆ ಒಂದು ಹಾದಿಯ ಮೇಲಿನ ಸ್ಟೇಷನ್ ಅಲ್ಲ, ಜಂಕ್ಷನ್. ಒಂದೇ ಒಂದು ವಿಷಯ ಅರ್ಥವಾಗಿಬಿಟ್ಟರೆ ಉಳಿದದ್ದೆಲ್ಲ ತಾನಾಗಿಯೇ ಸಲೀಸಾಗುತ್ತದೆ, ಅದಕ್ಕೇ ಅದರಿಂದಲೇ ಶುರು ಮಾಡುತ್ತೇನೆ.

ಮೊದಲು ನಕ್ಷೆ ತಲೆಯಲ್ಲಿ ಕೂರಲಿ

ನಮ್ಮ ಅರಸೀಕೆರೆ ನೆನಪಿಸಿಕೊಳ್ಳಿ. ಹುಬ್ಬಳ್ಳಿ ಕಡೆ ಒಂದು ದಾರಿ, ಹಾಸನದ ಕಡೆ ಒಂದು, ಬೆಂಗಳೂರಿನ ಕಡೆ ಒಂದು. ಬೊವೀಸಾದಲ್ಲಿ ಅಂಥ ದಾರಿಗಳು ನಾಲ್ಕು. ಉತ್ತರಕ್ಕೆ ಎರಡು, ಪೇಟೆಯ ಕಡೆಗೆ ಎರಡು.

ಉತ್ತರದ ಮೊದಲ ದಾರಿ ಕ್ವಾರ್ತೋ ಒಜ್ಜಾರೋ, ನೊವಾತೆ, ಬೊಲ್ಲಾತೆ, ಗರ್ಬನ್ಯಾತೆ ಮೇಲೆ ಸರೋನ್ನೋಗೆ ಹೋಗುತ್ತದೆ. ಮಾಲ್ಪೆನ್ಸಾ ವಿಮಾನ ನಿಲ್ದಾಣ, ಕೊಮೋ, ವರೇಸೆ ಕಡೆಯ ರೈಲುಗಳೂ ಇದೇ ದಾರಿಯವು. ಎರಡನೆಯದು ಅಫ್ಫೋರಿ, ಬ್ರುತ್ಸಾನೋ, ಕೊರ್ಮಾನೋ ಮೇಲೆ ಸೆವೆಸೊ ಕಡೆಗೆ. ಈ ಎರಡೂ ದಾರಿ ಶುರುವಾಗಿದ್ದು 1879ರಲ್ಲಿ. ಆಗಿನಿಂದ ಇವತ್ತಿನವರೆಗೆ ಬೊವೀಸಾದ ಕೆಲಸ ಅದೇ, ಉತ್ತರದ ಊರುಗಳ ಜನರನ್ನು ಒಟ್ಟುಗೂಡಿಸಿ ಮಿಲಾನ್‌ಗೆ ಸಾಗಿಸುವುದು.

ಪೇಟೆಯ ಕಡೆಗೆ ಹೋಗುವ ದಾರಿಗಳಲ್ಲಿ ಒಂದು ಹಳೆಯದು. ನೆಲದ ಮೇಲೆಯೇ ಹೋಗಿ ಕಡೋರ್ನಾ ನಿಲ್ದಾಣದಲ್ಲಿ ಮುಗಿಯುತ್ತದೆ, ಮುಂದೆ ಹಳಿಯೇ ಇಲ್ಲ. ಇನ್ನೊಂದು ನೆಲದೊಳಗೆ ಇಳಿದು ಊರಿನ ಅಡಿಯಲ್ಲೇ ಹಾದು ಆಚೆ ಬದಿಗೆ ಹೋಗುವ ಸುರಂಗ ಮಾರ್ಗ. ಇದನ್ನು ಇಲ್ಲಿನವರು ಪಸ್ಸಾಂತೆ ಅಂತಾರೆ. ಇದರ ಮೊದಲ ಭಾಗ ಬೊವೀಸಾದಿಂದ ಪೋರ್ತಾ ವೆನೇತ್ಸಿಯಾವರೆಗೆ 1997ರಲ್ಲಿ ಶುರುವಾಯಿತು. 2004ರ ಡಿಸೆಂಬರ್‌ನಿಂದ ಎಸ್1, ಎಸ್2 ಅಂತ ನಂಬರ್ ಕೊಟ್ಟ ಉಪನಗರ ರೈಲುಗಳು ಬಂದವು. ಇವುಗಳನ್ನು ನಡೆಸುವ ಕಂಪನಿ ಟ್ರೆನೋರ್ಡ್.

ಬೊವೀಸಾದಲ್ಲಿ ನಿಂತು ಪೇಟೆಗೆ ಹೊರಟಾಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನಗೆ ಕಡೋರ್ನಾ ದಾರಿ ಬೇಕಾ, ಪಸ್ಸಾಂತೆ ದಾರಿ ಬೇಕಾ? ಎಸ್3, ಎಸ್4 ಕಡೋರ್ನಾಗೆ. ಎಸ್1 ಪಸ್ಸಾಂತೆ ದಾಟಿ ಲೋದಿಗೆ, ಎಸ್2 ರೊಗೊರೇದೊಗೆ, ಎಸ್13 ಪಾವಿಯಾಗೆ. ಈ ಐದು ನಂಬರ್ ಬಾಯಿಪಾಠ ಆದರೆ ಅರ್ಧ ಕೆಲಸ ಮುಗಿಯಿತು.

ಮಾಲ್ಪೆನ್ಸಾದಿಂದ ಮೊದಲ ದಿನ

ವಿಮಾನ ಇಳಿದು ಸೂಟ್‌ಕೇಸ್ ಎಳೆದುಕೊಂಡು ಹೊರಬಂದ ಮೇಲೆ ರೈಲಿನ ಗುರುತು ಹಿಡಿದು ಕೆಳಗಿನ ಅಂತಸ್ತಿಗೆ ಹೋಗಿ. ಮಾಲ್ಪೆನ್ಸಾ ಎಕ್ಸ್‌ಪ್ರೆಸ್ ಅಂತ ರೈಲಿದೆ. ಒಂದು ಕಡೋರ್ನಾಗೆ ಹೋಗುತ್ತದೆ, ಇನ್ನೊಂದು ಚೆಂತ್ರಾಲೆಗೆ, ಅಂದರೆ ಮಿಲಾನ್‌ನ ಮುಖ್ಯ ನಿಲ್ದಾಣಕ್ಕೆ. ಹೊಸಬರು ಯಾವುದು ಹತ್ತಲಿ ಅಂತ ಗಾಬರಿಯಾಗುವುದು ಇಲ್ಲೇ. ಬೊವೀಸಾದಲ್ಲಿ ಇಳಿಯುವವರಿಗೆ ಆ ಚಿಂತೆ ಬೇಡ, ಎರಡೂ ಆ ದಾರಿಯಲ್ಲೇ ಹೋಗುತ್ತವೆ. ನೀವು ಹತ್ತುವ ರೈಲು ಬೊವೀಸಾದಲ್ಲಿ ನಿಲ್ಲುತ್ತದೆಯಾ ಅಂತ ಬೋರ್ಡಿನಲ್ಲಿ ಒಮ್ಮೆ ನೋಡಿಕೊಂಡು ಮೊದಲು ಬಂದದ್ದನ್ನು ಹತ್ತಿ. ಸುಮಾರು ಅರ್ಧ ಗಂಟೆಯ ದಾರಿ. ನಡುವೆ ಸರೋನ್ನೋ ಬಂತು ಅಂದ್ರೆ ಸಾಮಾನು ಸರಿಮಾಡಿಕೊಳ್ಳಿ.

ಈ ರೈಲಿಗೆ ಬೇರೆಯೇ ದರ. ಊರೊಳಗಿನ ಮೆಟ್ರೋ ಟಿಕೆಟ್ ಆಗಲಿ, ತಿಂಗಳ ಪಾಸ್ ಆಗಲಿ ವಿಮಾನ ನಿಲ್ದಾಣದವರೆಗೆ ನಡೆಯುವುದಿಲ್ಲ. ನಿಮ್ಮ ವಿಮಾನ ನಡುರಾತ್ರಿ ದಾಟಿ ಇಳಿಯುವುದಾದರೆ ಹೊರಡುವ ಮೊದಲೇ ಟ್ರೆನೋರ್ಡ್ ಆ್ಯಪ್‌ನಲ್ಲಿ ಕೊನೆಯ ರೈಲು ಎಷ್ಟಕ್ಕೆ ಅಂತ ನೋಡಿಟ್ಟುಕೊಳ್ಳಿ.

ಇಳಿದ ಮೇಲೆ ಒಂದು ವಿಷಯ ಗೊತ್ತಿರಲಿ. ಬೊವೀಸಾದ ಸ್ಟೇಷನ್ ಕಟ್ಟಡ ಹಳಿಗಳ ಮೇಲೆ ಸೇತುವೆಯ ಹಾಗೆ ಇದೆ. ಪ್ಲಾಟ್‌ಫಾರ್ಮ್‌ನಿಂದ ಮೇಲೆ ಹತ್ತಿ, ಅಲ್ಲಿಂದ ಹೊರಗೆ. ಇಪ್ಪತ್ತಮೂರು ಕಿಲೋದ ಎರಡು ಪೆಟ್ಟಿಗೆ ಇದ್ದಾಗ ಲಿಫ್ಟ್ ಹುಡುಕಿಕೊಂಡು ಹೋಗಿ, ಸ್ವಲ್ಪ ಕಾಯಬೇಕಾದರೂ ಪರವಾಗಿಲ್ಲ. ಹಿಂದೆ ಬರುವವರಿಗೆ ದಾರಿ ಬಿಟ್ಟು ಬದಿಯಲ್ಲಿ ನಿಲ್ಲಿ. ಅಪರಿಚಿತರು ತಾವಾಗಿಯೇ ಬಂದು ಪೆಟ್ಟಿಗೆ ಎತ್ತಲು ಕೈ ಹಾಕಿದರೆ ಬೇಡ ಅಂತ ನಯವಾಗಿ ಹೇಳಿ.

ಟಿಕೆಟ್

ಮಿಲಾನ್ ಸುತ್ತಮುತ್ತ 2019ರ ಜುಲೈನಿಂದ ವಲಯದ ಲೆಕ್ಕದ ಟಿಕೆಟ್ ಇದೆ. ಮೆಟ್ರೋ, ಟ್ರಾಮ್, ಬಸ್ಸು, ಉಪನಗರ ರೈಲು ಎಲ್ಲಕ್ಕೂ ಒಂದೇ ಟಿಕೆಟ್. ಎಂಐ1ರಿಂದ ಎಂಐ3 ಅಂತ ಬರೆದಿರುವ ಸಾಮಾನ್ಯ ಟಿಕೆಟ್‌ಗೆ 2023ರ ಜನವರಿಯಿಂದ 2.20 ಯೂರೋ, 90 ನಿಮಿಷ ನಡೆಯುತ್ತದೆ. ಬೊವೀಸಾ ಈ ವಲಯದ ಒಳಗೇ ಇದೆ. ಅಂದರೆ ಬೊವೀಸಾದಿಂದ ಕಡೋರ್ನಾಗೆ ರೈಲಿನಲ್ಲಿ ಹೋಗಿ, ಅಲ್ಲಿ ಇಳಿದು ಮೆಟ್ರೋ ಹಿಡಿದು ಪೇಟೆಯ ನಡುವಿನ ದೊಡ್ಡ ಚರ್ಚ್ ದುವೋಮೋಗೆ ಹೋದರೂ ಅದೇ ಒಂದು ಟಿಕೆಟ್ ಸಾಕು. ರೈಲಿಗೊಂದು ಮೆಟ್ರೋಗೊಂದು ಅಂತ ಎರಡು ತೆಗೆದು ದುಡ್ಡು ಕಳೆಯುವವರು ಈಗಲೂ ಇದ್ದಾರೆ.

ಆದರೆ ವಲಯ ದಾಟಿದರೆ ಈ ಟಿಕೆಟ್ ನಡೆಯಲ್ಲ. ದೊಡ್ಡ ವಸ್ತುಪ್ರದರ್ಶನಗಳು ನಡೆಯುವ ರೋ ಫಿಯೆರಾಗೆ ಎಂಐ4ವರೆಗಿನ ಟಿಕೆಟ್ ಬೇಕು. ಮೆಷೀನಿನಲ್ಲಿ ಮೊದಲು ಭಾಷೆ ಇಂಗ್ಲಿಷ್‌ಗೆ ಬದಲಿಸಿ, ಆಮೇಲೆ ಹೋಗಬೇಕಾದ ನಿಲ್ದಾಣ ಹಾಕಿ. ಮೆಷೀನ್ ಕೆಟ್ಟಿದ್ದರೆ ದೊಡ್ಡ ಟೀ ಅಕ್ಷರದ ಫಲಕ ಇರುವ ತಬಾಕ್ಕಿ ಅಂಗಡಿಯಲ್ಲೂ ಟಿಕೆಟ್ ಸಿಗುತ್ತದೆ.

ಕಾಗದದ ಟಿಕೆಟ್ ಕೈಯಲ್ಲಿದ್ದರೆ ಸಾಲದು, ಅದಕ್ಕೆ ಮುದ್ರೆ ಬೀಳಬೇಕು. ಗೇಟ್ ಇದ್ದಲ್ಲಿ ಗೇಟೇ ಆ ಕೆಲಸ ಮಾಡುತ್ತದೆ. ಇಲ್ಲದ ಕಡೆ ಪ್ಲಾಟ್‌ಫಾರ್ಮ್‌ಗೆ ಹೋಗುವ ದಾರಿಯಲ್ಲಿ ಸಣ್ಣ ಪೆಟ್ಟಿಗೆಯಂಥ ಯಂತ್ರ ಇರುತ್ತದೆ, ಅದರೊಳಗೆ ತೂರಿಸಿ. ನಮ್ಮ ಊರಿನಲ್ಲಿ ಟಿಕೆಟ್ ತಗೊಂಡರೆ ಮುಗಿಯಿತು, ಹಾಗಾಗಿ ಇದು ಮರೆತುಹೋಗುತ್ತದೆ. ಟಿಕೆಟ್ ಪರೀಕ್ಷಕರು ಬಂದಾಗ ನಾನು ಹೊಸಬ, ಗೊತ್ತಿರಲಿಲ್ಲ ಅಂದರೆ ಸಾಮಾನ್ಯವಾಗಿ ಕೇಳುವುದಿಲ್ಲ, ದಂಡ ಕಟ್ಟಬೇಕು. ಇಳಿಯುವ ಕಡೆಯೂ ಗೇಟ್ ಇರಬಹುದು, ಆದ್ದರಿಂದ ಹೊರಗೆ ಬರುವವರೆಗೆ ಟಿಕೆಟ್ ಎಸೆಯಬೇಡಿ. ಆ್ಯಪ್‌ನಲ್ಲಿ ತೆಗೆದಿದ್ದರೆ ತಾರೀಖು ಸರಿಯಾಗಿದೆಯಾ ನೋಡಿ, ಫೋನ್ ಚಾರ್ಜ್ ಇರಲಿ.

ದಿನಾ ಓಡಾಡುವವರು ಪಾಸ್ ಮಾಡಿಸಿಕೊಳ್ಳಿ. ಇಪ್ಪತ್ತೇಳು ವಯಸ್ಸಿನೊಳಗಿನವರಿಗೆ ರಿಯಾಯಿತಿ ಪಾಸ್ ಇದೆ, ಮಾಸ್ಟರ್ಸ್‌ಗೆ ಬರುವ ಬಹಳ ಮಂದಿಗೆ ಅದು ಸಿಗುತ್ತದೆ. ತಿಂಗಳದ್ದಕ್ಕಿಂತ ವರ್ಷದ ಪಾಸ್‌ನಲ್ಲಿ ಉಳಿತಾಯ ಜಾಸ್ತಿ. ಮನೆ ಎಲ್ಲಿ ಅಂತ ಪಕ್ಕಾ ಆದ ಮೇಲೆಯೇ ತೆಗೆದುಕೊಳ್ಳಿ. ವಲಯದ ಆಚೆ ಮನೆ ಸಿಕ್ಕಿತು ಅಂದ್ರೆ ಊರೊಳಗಿನ ಪಾಸ್ ಸಾಲುವುದಿಲ್ಲ.

ಬೋರ್ಡ್ ಓದುವುದು

ಪಾರ್ತೆನ್ತ್ಸೆ ಅಂದರೆ ಹೊರಡುವ ರೈಲುಗಳ ಬೋರ್ಡ್. ಬಿನಾರಿಯೋ ಅಂದರೆ ಪ್ಲಾಟ್‌ಫಾರ್ಮ್ ನಂಬರ್. ರಿತಾರ್ದೋ ಅಂದರೆ ತಡ, ಸೊಪ್ರೆಸ್ಸೋ ಅಂದರೆ ರದ್ದು. ಇಷ್ಟು ಸಾಕು. ಬೊವೀಸಾದಲ್ಲಿ ಹಳಿಗಳು ಎಂಟು. ನಿನ್ನೆ ಬಂದ ಪ್ಲಾಟ್‌ಫಾರ್ಮ್‌ಗೇ ಇವತ್ತೂ ಬರುತ್ತದೆ ಅಂತ ನೇರ ಇಳಿದುಬಿಡಬೇಡಿ. ಮೇಲೆಯೇ ನಿಂತು ಬೋರ್ಡ್ ನೋಡಿ, ಆಮೇಲೆ ಇಳಿಯಿರಿ. ಕೊನೆ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾದರೆ ಮತ್ತೆ ಮೇಲೆ ಹತ್ತಿ ಇನ್ನೊಂದು ಕಡೆ ಇಳಿಯುವಷ್ಟರಲ್ಲಿ ರೈಲು ಹೋಗಿರುತ್ತದೆ.

ಹೆಸರುಗಳಲ್ಲಿ ಎರಡು ಕಡೆ ಎಡವುವ ಅಪಾಯ ಇದೆ. ಆ್ಯಪ್‌ನಲ್ಲಿ ಅವಸರವಾಗಿ ಟೈಪ್ ಮಾಡುವಾಗ ಬೊವೀಸಿಯೋ ಮಸ್ಸಿಯಾಗೋ ಅನ್ನುವ ಹೆಸರೂ ಬರುತ್ತದೆ. ಅದು ಬೇರೆ ಊರು, ಎಸ್2 ಮತ್ತು ಎಸ್4 ದಾರಿಯಲ್ಲಿ ಉತ್ತರಕ್ಕೆ ಬಹಳ ದೂರ. ನಿಮಗೆ ಬೇಕಾದದ್ದು ಮಿಲಾನೋ ಬೊವೀಸಾ, ಜೊತೆಗೆ ಪೊಲಿಟೆಕ್ನಿಕೋ ಅಂತಲೂ ಇರಬಹುದು. ಇನ್ನೊಂದು ದೊಮೊದೊಸ್ಸೊಲಾ. ಬೊವೀಸಾಗೂ ಕಡೋರ್ನಾಗೂ ನಡುವೆ ಮಿಲಾನೋ ದೊಮೊದೊಸ್ಸೊಲಾ ಅಂತ ಒಂದು ಪುಟ್ಟ ನಿಲ್ದಾಣ ಇದೆ, ಸಿಟಿಲೈಫ್‌ನ ಎತ್ತರದ ಕಟ್ಟಡಗಳಿಗೆ ಹತ್ತಿರ. ಅದೇ ಹೆಸರಿನ ಊರು ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರ ಬೆಟ್ಟಗಳ ನಡುವೆ ಇದೆ. ಟಿಕೆಟ್ ತೆಗೆಯುವಾಗ ಮುಂದೆ ಮಿಲಾನೋ ಅಂತ ಇದೆಯಾ ನೋಡಿ.

ರೈಲು ಬಂದು ನಿಂತ ಮೇಲೆ ಬಾಗಿಲು ತಾನಾಗಿ ತೆರೆಯಲಿ ಅಂತ ಕಾಯಬೇಡಿ. ಗುಂಡಿಗೆ ದೀಪ ಬಂದ ಕೂಡಲೇ ಒತ್ತಿ.

ಬೊವೀಸಾದಿಂದ ಪೇಟೆಗೆ

ದುವೋಮೋಗೆ: ಎಸ್3 ಅಥವಾ ಎಸ್4 ಹಿಡಿದು ಕಡೋರ್ನಾ, ಅಲ್ಲಿಂದ ಕೆಂಪು ಬಣ್ಣದ ಎಂ1 ಮೆಟ್ರೋದಲ್ಲಿ ಮೂರನೇ ನಿಲ್ದಾಣ. ಹವಾಮಾನ ಚೆನ್ನಾಗಿದ್ದರೆ ಕಡೋರ್ನಾದಿಂದ ಕೋಟೆಯ ಪಕ್ಕದಲ್ಲಿ ನಡೆದುಕೊಂಡೇ ಹೋಗಬಹುದು, ನನಗೆ ಅದೇ ಇಷ್ಟ.

ಪೊಲಿಟೆಕ್ನಿಕೋದ ಹಳೆಯ ಕ್ಯಾಂಪಸ್, ಅಂದರೆ ಪಿಯಾತ್ಸಾ ಲಿಯೊನಾರ್ದೋ ದ ವಿಂಚಿಗೆ: ಪಸ್ಸಾಂತೆ ರೈಲಿನಲ್ಲಿ ಪೋರ್ತಾ ಗರಿಬಾಲ್ದಿ, ಅಲ್ಲಿಂದ ಹಸಿರು ಎಂ2ನಲ್ಲಿ ಪಿಯೋಲಾ. ಚೆಂತ್ರಾಲೆಗೂ ಇದೇ ಗರಿಬಾಲ್ದಿ, ಇದೇ ಎಂ2, ಎರಡೇ ನಿಲ್ದಾಣ. ಲಿನಾತೆ ವಿಮಾನ ನಿಲ್ದಾಣಕ್ಕೆ ಪಸ್ಸಾಂತೆಯಲ್ಲೇ ದತೇವೋವರೆಗೆ ಹೋಗಿ ನೀಲಿ ಎಂ4 ಹಿಡಿಯಿರಿ. ಈ ಎಂ4 2022ರ ನವೆಂಬರ್‌ನಲ್ಲಿ ಶುರುವಾದದ್ದು. ಅದು ಬಂದ ಮೇಲೆ ಲಿನಾತೆಗೆ ಹೋಗುವುದು ನಿಜಕ್ಕೂ ಹಗುರವಾಗಿದೆ.

ಎಸ್ ರೈಲು ಸಾಮಾನ್ಯವಾಗಿ ಒಂದೊಂದು ನಂಬರ್‌ದು ಅರ್ಧ ಗಂಟೆಗೊಮ್ಮೆ. ಅಷ್ಟು ಹೊತ್ತಾ ಅನ್ನಬೇಡಿ, ಒಂದೇ ದಾರಿಯಲ್ಲಿ ಎರಡು ಮೂರು ನಂಬರ್ ಓಡುವುದರಿಂದ ಗರಿಬಾಲ್ದಿಗೆ ಆಗಲಿ ಕಡೋರ್ನಾಗೆ ಆಗಲಿ ಬಹಳ ಕಾಯಬೇಕಾಗಿಲ್ಲ. ಎಸ್1 ಹೋಯಿತು ಅಂತ ಮುಂದಿನ ಎಸ್1ಗೇ ಕಾಯುತ್ತಾ ಕೂರಬೇಡಿ, ಎಸ್2 ಬಂದರೆ ಹತ್ತಿ.

ವಾಪಸ್ ಬರುವಾಗ

ಜನ ದಾರಿ ತಪ್ಪುವುದು ಹೋಗುವಾಗ ಅಲ್ಲ, ಬರುವಾಗ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಗರಿಬಾಲ್ದಿಯಲ್ಲಿ ಎರಡು ನಿಲ್ದಾಣಗಳಿವೆ, ಮೇಲೊಂದು ನೆಲದೊಳಗೊಂದು. ಪಸ್ಸಾಂತೆ ರೈಲು ನೆಲದೊಳಗಿನಿಂದ ಹೊರಡುತ್ತದೆ. ಚೆಂತ್ರಾಲೆಯಿಂದ ಬರುವ ಮಾಲ್ಪೆನ್ಸಾ ಎಕ್ಸ್‌ಪ್ರೆಸ್ ಮೇಲಿನ ಹಳಿಯಲ್ಲಿ ನಿಲ್ಲುತ್ತದೆ. ತಪ್ಪು ಕಡೆ ಹೋದರೆ ವಾಪಸ್ ಬರುವುದಕ್ಕೇ ಸಾಕಷ್ಟು ಹೊತ್ತು ಬೇಕು.

ಸರಿ, ನೆಲದೊಳಗಿನ ಪ್ಲಾಟ್‌ಫಾರ್ಮ್‌ಗೇ ಬಂದಿರಿ ಅಂತಿಟ್ಟುಕೊಳ್ಳಿ. ಅಲ್ಲಿಂದ ಊರ ಹೊರಗೆ ಹೋಗುವ ರೈಲೆಲ್ಲ ಬೊವೀಸಾಗೆ ಬರುವುದಿಲ್ಲ. ಲಂಚೆತ್ತಿ ನಿಲ್ದಾಣದವರೆಗೆ ಎಲ್ಲವೂ ಒಂದೇ ಸುರಂಗದಲ್ಲಿ ಹೋಗಿ, ಅಲ್ಲಿಂದ ಮುಂದೆ ಕವಲೊಡೆಯುತ್ತದೆ. ಒಂದು ಬೊವೀಸಾಗೆ, ಇನ್ನೊಂದು ವಿಲ್ಲಾಪಿತ್ಸೋನೆಗೆ. ಸರೋನ್ನೋ ಅಥವಾ ಮರಿಯಾನೋ ಕೊಮೆನ್ಸೆ ಅಂತ ಬರೆದಿದ್ದರೆ ಬೊವೀಸಾ ಬರುತ್ತದೆ. ವರೇಸೆಗೆ ಹೋಗುವ ಎಸ್5, ನೊವಾರಾಗೆ ಹೋಗುವ ಎಸ್6 ಬರುವುದಿಲ್ಲ. ಅದೇ ಪ್ಲಾಟ್‌ಫಾರ್ಮ್, ಅದೇ ತರಹದ ರೈಲು, ಎರಡು ಮೂರು ನಿಮಿಷದ ಅಂತರ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬಂದ ರೈಲು ಹತ್ತಿಬಿಟ್ಟರೆ ಆಯ್ತು.

ಹತ್ತಿಬಿಟ್ಟಿರಿ, ಏನು ಮಾಡಬೇಕು? ಇನ್ನೂ ಲಂಚೆತ್ತಿ ದಾಟಿಲ್ಲದಿದ್ದರೆ ಅಲ್ಲೇ ಇಳಿದು ಮುಂದಿನ ಬೊವೀಸಾ ರೈಲಿಗೆ ಕಾಯಿರಿ. ದಾಟಿದ್ದರೆ ವಿಲ್ಲಾಪಿತ್ಸೋನೆಯಲ್ಲಿ ಇಳಿಯಿರಿ, ಅದಕ್ಕಿಂತ ಮುಂದೆ ಹೋಗಬೇಡಿ. ಗಾಬರಿ ಬೇಡ, ವಿಲ್ಲಾಪಿತ್ಸೋನೆ ಕ್ಯಾಂಪಸ್‌ನಿಂದ ನಡೆಯುವ ದೂರದಲ್ಲೇ ಇದೆ.

ಎರಡು ಕ್ಯಾಂಪಸ್, ಹಳಿಯ ಎರಡು ಬದಿ

ಬೊವೀಸಾ ಕ್ಯಾಂಪಸ್ ಅಂತ ಒಟ್ಟಿಗೆ ಹೇಳಿದರೂ ಇರುವುದು ಎರಡು. ಡಿಸೈನ್ ಓದುವವರದು ದುರಾಂದೋ ಮತ್ತು ಕಾಂದಿಯಾನಿ ರಸ್ತೆಗಳ ಕಡೆ, ಹಳಿಯ ಪೂರ್ವಕ್ಕೆ. ಇಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್‌ನವರದು ಲಾ ಮಾಸಾ ಮತ್ತು ಲಂಬ್ರುಸ್ಕೀನಿ ರಸ್ತೆಗಳಲ್ಲಿ, ಪಶ್ಚಿಮಕ್ಕೆ. ಸ್ಟೇಷನ್ನಿನಿಂದ ಹೊರಬರುವಾಗ ಯಾವ ಬದಿ ಅಂತ ಮೊದಲೇ ನೋಡಿಕೊಳ್ಳಿ. ತಪ್ಪು ಬದಿಗೆ ಇಳಿದರೆ ಬೇಕೆಂದ ಕಡೆ ಹಳಿ ದಾಟಲು ಆಗುವುದಿಲ್ಲ, ಮತ್ತೆ ಮೇಲೆ ಹತ್ತಬೇಕು. ಲಾ ಮಾಸಾದಲ್ಲಿ ಓದುವವರಿಗೆ ವಿಲ್ಲಾಪಿತ್ಸೋನೆಯೂ ಒಳ್ಳೆಯ ನಿಲ್ದಾಣವೇ. ಎಸ್5, ಎಸ್6 ದಾರಿಯಲ್ಲಿ ಮನೆ ಇದ್ದರಂತೂ ಬೊವೀಸಾಗೆ ಬರುವ ಅಗತ್ಯವೇ ಇಲ್ಲ.

ಪಶ್ಚಿಮದ ಬದಿಯಲ್ಲಿ ಕಬ್ಬಿಣದ ಎರಡು ದೊಡ್ಡ ಗುಂಡನೆಯ ಚೌಕಟ್ಟುಗಳು ಕಾಣುತ್ತವೆ. ಅವು ಹಳೆಯ ಗ್ಯಾಸ್ ಕಾರ್ಖಾನೆಯ ಸಂಗ್ರಹ ತೊಟ್ಟಿಗಳು. ಇಪ್ಪತ್ತನೇ ಶತಮಾನದ ಬಹುಭಾಗ ಬೊವೀಸಾ ಅಂದರೆ ಕಾರ್ಖಾನೆಗಳ ಬಡಾವಣೆ, ಬೆಳಗಿನ ರೈಲಿನಲ್ಲಿ ಬರುತ್ತಿದ್ದವರು ಕಾರ್ಮಿಕರು. ಕಾರ್ಖಾನೆಗಳು ಮುಚ್ಚಿದ ಮೇಲೆ ವಿಶ್ವವಿದ್ಯಾಲಯ ಬಂತು. ಈಗ ಆ ಜಾಗದಲ್ಲಿ ವಾಸ್ತುಶಿಲ್ಪಿ ರೆಂತ್ಸೋ ಪಿಯಾನೋ ಅವರ ಯೋಜನೆಯಂತೆ ಹೊಸ ಕ್ಯಾಂಪಸ್ ರೂಪುಗೊಳ್ಳುತ್ತಿದೆ. ಕೆಲಸ ನಡೆಯುವಾಗ ಕಾಲುದಾರಿ ಬದಲಾಗಬಹುದು, ಫಲಕಗಳನ್ನು ನೋಡಿಕೊಂಡು ನಡೆಯಿರಿ.

ಮನೆ ಹುಡುಕುವಾಗ ರೈಲಿನ ದಾರಿ ಹಿಡಿದು ಹುಡುಕಿ

ನನ್ನ ಪ್ರಕಾರ ಈ ಲೇಖನದಲ್ಲಿ ದುಡ್ಡು ಉಳಿಸುವ ಮಾತು ಅಂದರೆ ಇದೇ. ಪೇಟೆಯ ಮಧ್ಯದಲ್ಲಿ ಬಾಡಿಗೆ ಬಹಳ, ಅದೂ ಒಂದು ರೂಮಿಗೆ. ದುವೋಮೋದಿಂದ ಎಷ್ಟು ದೂರ ಅಂತ ಲೆಕ್ಕ ಹಾಕುವ ಬದಲು ಬೊವೀಸಾಗೆ ಒಂದೇ ರೈಲಿನಲ್ಲಿ ಬರಬಹುದಾ ಅಂತ ನೋಡಿ. ಅಫ್ಫೋರಿ, ಕ್ವಾರ್ತೋ ಒಜ್ಜಾರೋ, ನೊವಾತೆ, ಬೊಲ್ಲಾತೆ, ಇನ್ನೂ ಆಚೆ ಸರೋನ್ನೋ. ಅಫ್ಫೋರಿಯಲ್ಲಿ ಎಂ3 ಮೆಟ್ರೋ ಕೂಡ ಹತ್ತಿರವಿದೆ, ರೈಲು ಕೈಕೊಟ್ಟ ದಿನ ಇನ್ನೊಂದು ದಾರಿ ಇರುತ್ತದೆ. ಸರೋನ್ನೋ ದೂರವಾದರೂ ಅಲ್ಲಿಂದ ಬೊವೀಸಾಗೆ ರೈಲು ಜಾಸ್ತಿ. ಆದರೆ ಮನೆಯಿಂದ ಸ್ಟೇಷನ್‌ವರೆಗಿನ ನಡಿಗೆಯನ್ನು ಲೆಕ್ಕದಿಂದ ಬಿಡಬೇಡಿ. ಜನವರಿಯ ಚಳಿಯಲ್ಲಿ ಬೆಳಿಗ್ಗೆ ಎಂಟರ ತರಗತಿಗೆ ಹೊರಟಾಗ ಇಪ್ಪತ್ತು ನಿಮಿಷದ ನಡಿಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಮನೆ ನೋಡಲು ಹೋಗುವಾಗ ಸಂಜೆ ಕತ್ತಲಾದ ಮೇಲೂ ಒಮ್ಮೆ ಆ ದಾರಿಯಲ್ಲಿ ನಡೆದು ನೋಡಿ, ಅದರಲ್ಲೂ ಒಬ್ಬರೇ ಓಡಾಡುವವರು.

ಮುಂಗಡ ಕೊಡುವ ಮೊದಲು ಕೊನೆಯ ರೈಲಿನ ಹೊತ್ತೂ ನೋಡಿ. ನಡುರಾತ್ರಿಯ ನಂತರ ಎಸ್ ರೈಲುಗಳು ನಿಂತುಹೋಗುತ್ತವೆ. ಪಾರ್ಟ್ ಟೈಮ್ ಕೆಲಸ ರಾತ್ರಿ ತಡವಾಗಿ ಮುಗಿಯುವುದಾದರೆ ದೂರದ ಮನೆ ಬೇಡ.

ಮುಷ್ಕರದ ದಿನ

ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವಲ್ಲ, ಶೋಪೆರೋ ಅಂತಾರೆ. ಮೊದಲೇ ಹೇಳಿಯೇ ಮಾಡುತ್ತಾರೆ, ಆ್ಯಪ್‌ನಲ್ಲೂ ಸ್ಟೇಷನ್ನಿನಲ್ಲೂ ಸೂಚನೆ ಹಾಕಿರುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಅಂತ ಖಾತ್ರಿ ಹೊತ್ತು ಇದೆ, ಆಗ ಪಟ್ಟಿಯಲ್ಲಿರುವ ರೈಲು ಓಡಲೇಬೇಕು. ಪರೀಕ್ಷೆ ಹತ್ತಕ್ಕೆ ಇದ್ದರೂ ಒಂಬತ್ತರೊಳಗೆ ಬೊವೀಸಾ ತಲುಪಿಬಿಡಿ, ಲೈಬ್ರರಿಯಲ್ಲಿ ಕೂತು ಓದಿಕೊಳ್ಳಬಹುದು. ವಿಮಾನ ಹಿಡಿಯುವ ದಿನ ಮುಷ್ಕರ ಬಿದ್ದರೆ ಮಾಲ್ಪೆನ್ಸಾ ಎಕ್ಸ್‌ಪ್ರೆಸ್ ಬದಲು ಕಡೋರ್ನಾದಿಂದ ಬಸ್ಸು ಬಿಡುವುದುಂಟು. ಹಿಂದಿನ ದಿನವೇ ನೋಡಿಕೊಂಡು, ಬೇಕಿದ್ದಕ್ಕಿಂತ ಎರಡು ಗಂಟೆ ಮೊದಲೇ ಹೊರಡಿ.

ರೈಲಿನವರ ಮುಷ್ಕರ ಬೇರೆ, ಊರೊಳಗಿನ ಮೆಟ್ರೋ ಬಸ್ಸಿನವರದು ಬೇರೆ. ಎರಡೂ ಒಂದೇ ದಿನ ಇಲ್ಲದಿದ್ದರೆ ನಿಮಗೆ ದಾರಿ ಇದೆ. ಹಳದಿ ಎಂ3 ಮೆಟ್ರೋದಲ್ಲಿ ದೆರ್ಗಾನೋದಲ್ಲಿ ಇಳಿದರೆ ಪೂರ್ವದ ಕ್ಯಾಂಪಸ್‌ಗೆ ನಡೆದೇ ಹೋಗಬಹುದು. 2ನೇ ನಂಬರ್ ಟ್ರಾಮ್ ಪಿಯಾತ್ಸಾ ಬೌಸಾನ್‌ವರೆಗೆ ಬರುತ್ತದೆ, ಅಲ್ಲಿಂದಲೂ ನಡಿಗೆ. ಸ್ಟೇಷನ್ನಿನ ಹತ್ತಿರದಿಂದ 92ನೇ ನಂಬರ್ ಟ್ರಾಲಿಬಸ್ ಇದೆ. ಈ ಮೂರನ್ನು ಮುಷ್ಕರ ಇಲ್ಲದ ದಿನವೇ ಒಮ್ಮೊಮ್ಮೆ ಬಳಸಿ ನೋಡಿರಿ, ಬೇಕಾದಾಗ ಹುಡುಕಾಡಬೇಕಾಗಿಲ್ಲ.

ವೇಳಾಪಟ್ಟಿ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ಬದಲಾಗುತ್ತದೆ. ಆಗಸ್ಟ್‌ನಲ್ಲಿ ಇಡೀ ಊರೇ ರಜೆಗೆ ಹೋಗುವುದರಿಂದ ರೈಲೂ ಕಡಿಮೆ. ಗೆಳೆಯರು ಕೊಟ್ಟ ಹಳೆಯ ಸ್ಕ್ರೀನ್‌ಶಾಟ್ ನಂಬಬೇಡಿ.

ಊರಿಂದ ಅಪ್ಪ ಅಮ್ಮ ಬಂದಾಗ

ಕೊಮೋ ಸರೋವರ ತೋರಿಸಲು ಚೆಂತ್ರಾಲೆಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಬೊವೀಸಾದಿಂದಲೇ ರೈಲಿದೆ. ಕಡೋರ್ನಾದಿಂದ ಹೊರಟು ಸರೋನ್ನೋ ಮೇಲೆ ಹೋಗುವ ಈ ರೈಲಿನ ಕೊನೆಯ ನಿಲ್ದಾಣ ಕೊಮೋ ಲಾಗೋ, ಸುಮಾರು ಒಂದು ಗಂಟೆ. ಚೆಂತ್ರಾಲೆಯ ರೈಲು ನಿಲ್ಲುವ ಕೊಮೋ ಸಾನ್ ಜೊವಾನ್ನಿ ಸರೋವರದಿಂದ ಸ್ವಲ್ಪ ಮೇಲಿದೆ. ಕೊಮೋ ಲಾಗೋ ಅಂದರೆ ದಡದ ಪಕ್ಕವೇ, ದೋಣಿ ಕಟ್ಟೆಗೂ ಹತ್ತಿರ, ಬೆಟ್ಟ ಹತ್ತುವ ಕೇಬಲ್ ರೈಲಿಗೂ ಹತ್ತಿರ. ಮಂಡಿ ನೋವಿರುವ ಅಮ್ಮನನ್ನು ಕರೆದುಕೊಂಡು ಹೋಗುವಾಗ ಇದು ದೊಡ್ಡ ಅನುಕೂಲ. ನಿಮ್ಮ ಊರೊಳಗಿನ ಪಾಸ್ ಇದಕ್ಕೆ ನಡೆಯುವುದಿಲ್ಲ, ಎಲ್ಲರಿಗೂ ಟಿಕೆಟ್ ತೆಗೆಯಿರಿ, ಹೋಗಿ ಬರುವುದಕ್ಕೆ ಒಟ್ಟಿಗೆ ತೆಗೆದರೆ ಸಂಜೆ ಮೆಷೀನಿನ ಮುಂದೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಬೇಸಿಗೆಯ ಭಾನುವಾರಗಳಲ್ಲಿ ಸಂಜೆಯ ರೈಲು ತುಂಬಿ ತುಳುಕುತ್ತದೆ. ಕೊಮೋ ಲಾಗೋ ಮೊದಲ ನಿಲ್ದಾಣ ಆದ್ದರಿಂದ ಹದಿನೈದು ನಿಮಿಷ ಮೊದಲೇ ಹೋದರೆ ಹಿರಿಯರಿಗೆ ಸೀಟು ಸಿಗುತ್ತದೆ.